ಎಬ್ಬಿಸಿ ಕೂರಿಸಿದಾಗ ಕಂಡದ್ದು

ಆಸ್ಪತ್ರೆಯ ಅಧ್ಯಕ್ಷರಾದ ಪಂಚಾಕ್ಷರಿಯವರೇ, ಇಂದು ನಮ್ಮಿಂದ ಬೀಳ್ಕೊಡುಗೆ ಪಡೆಯುತ್ತಿರುವ ಸ್ಕ್ಯಾನಿಂಗ್ ವಿಭಾಗದ ಡಾಕ್ಟರ್ ವೇಣಿ ಮೇಡಂ ಅವರೇ, ಊಟದ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನಾನು ಪದ್ಮಾವತಿ, ನಾಗಸಂದ್ರದವಳು. ಮೈಕ್ ಹಿಡಿದು ಅಭ್ಯಾಸವಿಲ್ಲ. ಬೆಳಗ್ಗೆ ಬೋರ್‌ವೆಲ್ ಮೋಟರ್ ಹಾಕಿ ನಮ್ಮ ಬಾಡಿಗೆ ಮನೆಗಳಿಗೆ ನೀರು ಬಿಟ್ಟು ಅಭ್ಯಾಸ. ಪೀಣ್ಯದ ಫ್ಯಾಕ್ಟರಿಗಳಿಗೆ ಹೊರಡುವವರು ನೀರು ತಡವಾದರೆ ಸುಮ್ಮನಿರುತ್ತಾರೆಯೇ?

ಹೋದ ವರ್ಷ ಬೇರೊಂದು ಆಸ್ಪತ್ರೆಯಲ್ಲಿ ನನ್ನ ಬೆನ್ನಿನ ಡಿಸ್ಕ್ ಆಪರೇಷನ್ ಆಯಿತು. ಕಾಲುನೋವು ಹೋಯಿತು, ತಲೆನೋವು ಬಂತು. ಎಂಥ ತಲೆನೋವು! ಎದ್ದು ಕೂತರೆ ತಲೆ ಸಿಡಿಯುತ್ತಿತ್ತು, ಮಲಗಿದರೆ ಮಾಯ. ಇದನ್ನು ಯಾರಾದರೂ ನಂಬುತ್ತಾರೆಯೇ? ಎಂಆರ್‌ಐನಲ್ಲೂ ಕಾರಣ ಕಾಣಲಿಲ್ಲ. ನಮ್ಮ ಅತ್ತೆ ಅನುಸೂಯಮ್ಮನವರು, ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಬಾಗಿಲಲ್ಲಿ ನಿಂತು, "ಮಲಗಿದ್ರೆ ಚೆಂದಾಗಿರ್ತೀಯ, ಎದ್ರೆ ಕಾಯ್ಲೆ ಅಂತೀಯ. ಇಂಗೂ ಒಂದು ರೋಗ ಐತಾ? ಏಳೇ, ನೀರು ಬಿಡು" ಎನ್ನುತ್ತಿದ್ದರು. ಯಜಮಾನರು ಏನೂ ಅನ್ನಲಿಲ್ಲ. ಅವರು ಯಾವತ್ತೂ ಏನೂ ಅನ್ನುವುದಿಲ್ಲ, ಅದೇ ನನಗೆ... ಇರಲಿ ಬಿಡಿ, ಅವರೂ ಬಂದಿದ್ದಾರೆ. ಕೊನೆಗೆ ನಾನು ನಿಜವಾಗಿ ನಾಟಕ ಆಡುತ್ತಿದ್ದೇನೆಯೇ ಎಂದು ನನಗೇ ಅನುಮಾನ ಬಂತು. ಗೋಡೆಗೆ ಮುಖ ಮಾಡಿ ಅತ್ತಿದ್ದೇನೆ.

ಈ ಆಸ್ಪತ್ರೆಗೆ ಬಂದಾಗ ವೇಣಿ ಮೇಡಂ ನಂಬಿದರು. ಬೆನ್ನುಹುರಿಯ ಸುತ್ತಲಿನ ನೀರು ಆಪರೇಷನ್ ಆದ ಕಡೆ ಎಲ್ಲೋ ಸೋರುತ್ತಿರಬೇಕು, ಎದ್ದಾಗ ಅದು ಹೆಚ್ಚಾಗಿ ತಲೆ ನೋಯುತ್ತದೆ ಎಂದರು. ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವ ಔಷಧಿಯನ್ನು ಆ ನೀರಿಗೆ ಚುಚ್ಚಿ, ಮಲಗಿಸಿ ಸಿ.ಟಿ. ತೆಗೆದರು. ಆಗಲೂ ಏನೂ ಕಾಣಲಿಲ್ಲ. ಇನ್ನು ಇವರೂ ನಾಟಕ ಅಂದುಬಿಡುತ್ತಾರೆ ಎಂದುಕೊಂಡೆ. ಮೇಡಂ ಮಾತ್ರ ನಕ್ಕು, "ಮೋಟರ್ ಹಾಕದೆ ಪೈಪ್ ಎಲ್ಲಿ ಸೋರುತ್ತೆ ಅಂತ ಗೊತ್ತಾಗುತ್ತಾ? ಸ್ವಲ್ಪ ಹೊತ್ತು ಎಬ್ಬಿಸಿ ಕೂರಿಸಿ, ಇನ್ನೊಂದ್ಸಲ ತೆಗಿಯೋಣ" ಎಂದರು.

ಕೂರಿಸಿದರು. ಅಯ್ಯೋ ಶಿವನೇ! ಜೊತೆಗೆ ಬಂದಿದ್ದ ಅತ್ತೆಯ ಸೆರಗು ಹಿಡಿದುಕೊಂಡು, ಆ ಸೆರಗಿನಲ್ಲೇ ವಾಂತಿ ಮಾಡಿಕೊಂಡೆ. ಆಗ ಕೂಗಿದವರು ಯಾರು ಗೊತ್ತೇ? ದಿನಾ ಏಳು ಏಳು ಎನ್ನುತ್ತಿದ್ದವರೇ! "ಬ್ಯಾಡ ಮೇಡಮ್ಮೋರೇ, ಮಲಗಿಸ್ಬುಡಿ! ನೀರೂ ಬ್ಯಾಡ, ಏನೂ ಬ್ಯಾಡ, ನನ್ ಸೊಸೆ ಮಲಗ್ಲಿ!"

ಎರಡನೇ ಸ್ಕ್ಯಾನಿನಲ್ಲಿ ಔಷಧಿ ಹೊರಗೆ ಹರಿದ ಜಾಗ ಬೆಳ್ಳಗೆ ಕಂಡಿತು, ಅಲ್ಲಿಗೆ ಹೊಲಿಗೆ ಬಿತ್ತು. ಮೇಡಂ ಆ ಚಿತ್ರ ತೋರಿಸಲು ಹೋದರೆ ಅತ್ತೆ ನೋಡಲೇ ಇಲ್ಲ, ನನ್ನ ಮುಖ ಒರೆಸುತ್ತಿದ್ದರು. ಈಗ ಮೋಟರ್ ಅವರೇ ಹಾಕುತ್ತಾರೆ, ಬೇಡವೆಂದರೂ ಕೇಳುವುದಿಲ್ಲ.

ಮೇಡಂ, ಹೋಗುವ ಊರಲ್ಲೂ ನನ್ನಂಥವರನ್ನು ಹೀಗೇ ನಂಬಿ. ನಿಮಗೂ ಈ ಆಸ್ಪತ್ರೆಗೂ ನನ್ನ ಮನಃಪೂರ್ವಕ ಕೃತಜ್ಞತೆಗಳು.

ಅತ್ತೆ ಆಗಿನಿಂದ ಅಲ್ಲಿಂದಲೇ ಸನ್ನೆ ಮಾಡುತ್ತಿದ್ದಾರೆ, ಸಾಕು ಕೂತ್ಕೋ ಅಂತ. ಕೂರುತ್ತೇನೆ ಅತ್ತೆ, ತಲೆ ನೋಯುತ್ತಿಲ್ಲ. ಇದೊಂದು ನಿಂತುಕೊಂಡೇ ಹೇಳಿಬಿಡುತ್ತೇನೆ: ಎಲ್ಲರಿಗೂ ನಮಸ್ಕಾರ.