ಏಳನೇ ಭಾಗ ಬಂತಾ?

ಔಷಧಿ ಅಂಗಡಿಯ ಸಾಲಿನಲ್ಲಿ ಅವಳ ಮುಂದೆ ಇಬ್ಬರು ನಿಂತಿದ್ದರು. ಒಬ್ಬರು ಕತ್ತಿನಲ್ಲಿ ಅಳತೆ ಟೇಪು ಹಾಗೇ ಬಿಟ್ಟುಕೊಂಡು ಬಂದ ಟೈಲರ್, ಇನ್ನೊಬ್ಬರು ಅವರ ಗೆಳೆಯರಾದ ಮೇಷ್ಟ್ರು. ಮಾತು ಆಕಾಶನೌಕೆಯ ಕಾದಂಬರಿಮಾಲೆಯದು ಎಂದು ತಿಳಿದದ್ದೇ ತಡ, ಅವಳು ಕೈಲಿದ್ದ ಡಾಕ್ಟರ ಚೀಟಿಯನ್ನು ಮಡಚಿ ಮುಷ್ಟಿಯೊಳಗೆ ಸೇರಿಸಿದಳು. ಚೀಟಿಯ ಮೇಲೆ ಅಪ್ಪನ ಹೆಸರಿತ್ತು. ಆ ಮಾಲೆ ಬರೆದವರು ಅಪ್ಪನೇ.

“ಆರನೇ ಭಾಗ ಬಂದು ಎಷ್ಟು ವರ್ಷ ಆಯ್ತು ಮೇಷ್ಟ್ರೇ! ಏಳನೇದರ ಸುದ್ದೀನೇ ಇಲ್ಲ.”

“ಮಗಳು ಹೊರಗೆ ನಿಂತು ನೌಕೆ ಬಾಗಿಲು ಬಡೀತಿದಾಳೆ, ಒಳಗಿರೋ ಅಪ್ಪಂಗೆ ಕೇಳಿಸ್ತಿಲ್ಲ. ಅಲ್ಲಿಗೇ ನಿಲ್ಲಿಸಿ ಹಾಯಾಗಿ ಕೂತಿದಾನಲ್ಲ ಪುಣ್ಯಾತ್ಮ!”

“ಹೆಸರು ಬಂತಲ್ಲ, ಇನ್ನು ಮೈ ಬಗ್ಗಲ್ಲ. ಕೈಗೆ ಸಿಗಲಿ, ಕೊರಳಪಟ್ಟಿ ಹಿಡಿದು ಕೇಳ್ತೀನಿ.”

ಟೈಲರ್ ಹಿಂದಕ್ಕೆ ತಿರುಗಿದರು. “ಏನಮ್ಮಾ, ನೀವೂ ಓದ್ತೀರಾ?”

“ನನಗಿಂತ ನಮ್ಮಪ್ಪಂಗೆ ಹುಚ್ಚು. ಬೆಳಿಗ್ಗೆ ಎದ್ದರೆ ಅದೇ ಮಾತು, ಏಳನೇದು ಬಂತಾ ಅಂತ.”

“ನೋಡಿದ್ರಾ ಮೇಷ್ಟ್ರೇ? ಪಾಪ, ವಯಸ್ಸಾದೋರನ್ನೂ ಕಾಯಿಸ್ತಾನೆ. ಆರನೇದು ಹಿಡಿಸ್ತಂತಾ ಅವರಿಗೆ?”

“ತುಂಬಾ. ನಿನ್ನೆ ಓದಿ ಮುಗಿಸಿ, ಪುಸ್ತಕದ ಹಿಂದಿರೋ ಫೋಟೋ ತೋರಿಸಿ, ‘ಇವನ್ಯಾರೋ ಚೆನ್ನಾಗಿ ಬರೀತಾನೆ, ಬೇಗ ಮುಗಿಸು ಅಂತ ಹೇಳಮ್ಮಾ’ ಅಂದ್ರು.”

“ಹೇಳಿ ಮತ್ತೆ!” ಎಂದು ನಗುತ್ತ ಇಬ್ಬರೂ ತಮ್ಮ ಮಾತ್ರೆ ತೆಗೆದುಕೊಂಡು ಹೊರಟುಹೋದರು.

ಅವಳು ಚೀಟಿಯ ಮಡಿಕೆ ಬಿಡಿಸಿ ಮುಂದಿಟ್ಟಳು.

“ಅಪ್ಪಂದು ಮರೆವಿನ ಮಾತ್ರೆ ತಾನೇ? ಹೋದ ಸಲದಷ್ಟೇ ಕೊಡ್ಲಾ?” ಎಂದ ಅಂಗಡಿಯವನು.

“ಇಲ್ಲ,” ಎಂದಳು. “ಜಾಸ್ತಿ ಮಾಡಿದಾರೆ.”