ಕುಳ್ಳನ ಗರಗಸದ ಬಾರ್

"ಹಲೋ... ಹಲೋ, ಯಾರಮ್ಮಾ ಮಾತಾಡ್ತಿರೋದು? ಕುಳ್ಳನ ಮನೆ ತಾನೇ?... ಹಾಂ, ನೀನೇನಾ ತಂಗಿ? ದನಿ ಗುರುತೇ ಸಿಗ್ಲಿಲ್ಲ ನೋಡು. ನಾನಮ್ಮಾ, ಮೇಸ್ತ್ರಿ. ನಿನ್ನ ಗಂಡ ನನ್ನ ಜೊತೇಲೇ ಅಲ್ವಾ ಮರ ಕೊಯ್ತಿದ್ದಿದ್ದು, ಅದೇ ಮೇಸ್ತ್ರಿ..."

ಮೇಸ್ತ್ರಿ ತನ್ನ ಶೆಡ್ಡಿನಲ್ಲಿ ಎಣ್ಣೆ ಮೆತ್ತಿದ ಬೆಂಚಿನ ಮೇಲೆ ಕೂತಿದ್ದ. ಎದುರಿಗೆ ಅವನ ಹಳೆಯ ಚೈನ್ ಗರಗಸ, ಮೂಗು ಒಡೆದುಕೊಂಡು ಬಿದ್ದಿತ್ತು. ಮೂಗೆಂದರೆ ಬಾರಿನ ತುದಿ. ಬಾರೆಂದರೆ ಹಲ್ಲಿನ ಚೈನು ಸುತ್ತಿಕೊಂಡು ಓಡುವ ಉದ್ದನೆಯ ಉಕ್ಕಿನ ಪಟ್ಟಿ. ಆ ಮಾದರಿಯ ಗರಗಸ ಮಾಡುವುದನ್ನು ಕಂಪನಿಯವರು ಬಿಟ್ಟು ಯಾವ ಕಾಲವಾಯಿತೋ. ಈಗಿನ ಬಾರುಗಳು ಅದಕ್ಕೆ ಕೂರುವುದಿಲ್ಲ. ಬೋಲ್ಟಿನ ಕಂಡಿ ಸರಿಹೋದರೆ ಎಣ್ಣೆ ತೂತು ಇನ್ನೆಲ್ಲೋ ಇರುತ್ತದೆ. ನಾಳೆ ಬೆಳಿಗ್ಗೆ ಆಸ್ಪತ್ರೆ ಅಂಗಳದ ದೊಡ್ಡ ಮರ ಉರುಳದಿದ್ದರೆ ಆ ಕೆಲಸವೂ ಅದರ ಬೆನ್ನಿಗೆ ಬರುವ ಕೆಲಸಗಳೂ ಕ್ರೇನಿನವನ ಪಾಲಾಗುತ್ತಿದ್ದವು. ಅಂಥದೇ ಗರಗಸ ಆ ಕಡೆ ಇನ್ನೊಂದೇ ಇತ್ತು. ಅದರ ಒಡೆಯ ಕುಳ್ಳ ಹೋದ ತಿಂಗಳು ಮರದ ಮೇಲೆ ಸತ್ತಿದ್ದ.

"ಊಟಗೀಟ ಮಾಡ್ತಿದೀಯಾ?... ಮಾಡ್ಬೇಕಮ್ಮಾ. ಹೋದವನು ಹೋದ, ಹೊಟ್ಟೆ ಕೇಳತ್ತಾ?... ಬಂದಿದ್ದೆನಲ್ಲ, ಮಣ್ಣು ಮಾಡೋವಾಗ ಹಿಂದೆ ನಿಂತಿದ್ದೆ. ನೀನು ಯಾರನ್ನ ನೋಡೋ ಸ್ಥಿತೀಲಿದ್ದೆ, ಪಾಪ..."

"ಅದಿರ್ಲಿ. ಅವನ ಮೆಷಿನ್ ಎಲ್ಲಿದೆ ತಂಗಿ?... ನಿನ್ನ ತಮ್ಮನಿಗಾ? ಅವನು ಮರ ಹತ್ತುತ್ತಾನಾ?... ಸೋಮವಾರದಿಂದಾನೇ? ಓಹೋ. ಮನೆ ನಡೀಬೇಕಲ್ಲ, ಹೌದು ಹೌದು..."

ಮೇಸ್ತ್ರಿಗೆ ಹೊಟ್ಟೆಯಲ್ಲಿ ಕಿಚ್ಚು ಬಿದ್ದಂತಾಯಿತು. ಮೀಸೆ ಚಿಗುರದ ಹುಡುಗನಿಗೆ ಅಷ್ಟು ಒಳ್ಳೆಯ ಮೆಷಿನ್ನು! ಆದರೂ ಮಾತಿಗೆ ಬೆಣ್ಣೆ ಹಚ್ಚುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಅಲ್ಲಾ, ಹುಡುಗನ ಕೈಗೆ ಕೊಡೋ ಮೊದ್ಲು ಒಂದ್ಸಲ ನೋಡ್ಬೇಕಲ್ವಾ? ಬಾರ್ ಬಿಚ್ಚೋಕೆ ಬರತ್ತಾ ನಿನಗೆ?... ಬಿಚ್ಚಿ ಒರೆಸಿ ಇಟ್ಟಿದೀಯಾ? ಜಾಣೆ. ಎಣ್ಣೆ ತೂತು ಎಲ್ಲಿದೆ ನೋಡು, ಕಂಡಿ ಮೇಲಾ ಕೆಳಗಾ?... ಹಾಂ... ಹಾಂ... ಇಷ್ಟೆಲ್ಲಾ ಹೇಗಮ್ಮಾ ಗೊತ್ತು ನಿನಗೆ?..."

"ನೀನಾ? ಈ ಬಾರನ್ನ ನೀನೇ ಹುಡುಕಿ ತಂದಿದ್ದಾ?... ಹಳೇ ಬಾರನ್ನ ಟವೆಲ್‌ನಲ್ಲಿ ಸುತ್ಕೊಂಡು ಅಂಗಡಿ ಅಂಗಡಿ ಅಲೆದಾ?... ಅಯ್ಯೋ, ಅವನಿಗೆ ಹೇಳ್ದೇನೇ? ಎಲ್ಲಿ ಸಿಕ್ತು? ನಾನು ಸುತ್ತದೇ ಇರೋ ಊರಿಲ್ಲ, ಒಂದು... ಏನಿಲ್ಲ, ಸುಮ್ನೆ ಕೇಳ್ದೆ. ಹಳೇ ಗೋಡೌನ್‌ನಲ್ಲಾ? ಒಂದೇ ಒಂದು ಇತ್ತಾ?... ಅವನು ಏನಂದ?... ಎತ್ಕೊಂಡು ಕುಣಿದನಾ ನಿನ್ನ? ಕುಳ್ಳ! ಅವನೆಲ್ಲಿ, ನಿನ್ನ ಎತ್ತೋದೆಲ್ಲಿ! ಹಹ್ಹಾ... ಅಳ್ಬೇಡ. ಅಳ್ಬೇಡ ಅಂದೆನಲ್ಲ..."

"ಈಗ ಒಂದು ಕೆಲಸ ಮಾಡು. ಬಾರನ್ನ ನೆಲದ ಮೇಲೆ ಅಂಚು ಊರಿ ನಿಲ್ಸು, ಚೈನ್ ಓಡೋ ಅಂಚು. ನಿಲ್ಲಿಸ್ದೆಯಾ? ಕೈ ಬಿಡು... ನಿಂತ್ಕೊಂಡ್ತಾ? ಅಲ್ಲಾಡ್ತಿಲ್ವಾ?... ಇನ್ನೊಂದು ಅಂಚು?... ಅದೂ ನಿಂತ್ಕೊಂಡ್ತಾ?..."

ಮೇಸ್ತ್ರಿಯ ಬಾಯಲ್ಲಿ ನೀರೂರಿತು. ಸವೆದ ಬಾರಿನ ಎರಡು ಅಂಚು ಏರುಪೇರಾಗಿರುತ್ತವೆ, ಕೈ ಬಿಟ್ಟರೆ ಮಗುಚಿಕೊಳ್ಳುತ್ತದೆ. ಒಳ್ಳೆಯ ಬಾರು ಹೀಗೆ ಯಾರ ಹಂಗಿಲ್ಲದೆ ನಿಲ್ಲುತ್ತದೆ. ಗರಗಸ ಹಿಡಿದವರಿಗೆಲ್ಲ ಗೊತ್ತಿರುವ ವಿಷಯ ಇದು, ಅವಳಿಗೆ ಗೊತ್ತಿರಲಿಲ್ಲ.

"ಅಯ್ಯಯ್ಯೋ... ಏನಿಲ್ಲ ತಂಗಿ... ಹೇಗೆ ಹೇಳ್ಲಿ ನಿನಗೆ... ನಿಲ್ಬಾರ್ದಮ್ಮಾ ಅದು. ಒಳ್ಳೇ ಬಾರು ಮಲಗ್ಬೇಕು. ನಿಂತ್ಕೊಂಡ್ರೆ ಬಿಗಿ ಜಾಸ್ತಿ ಅಂತ. ಚೈನ್ ಕಚ್ಕೊಳ್ಳತ್ತೆ, ಮೆಷಿನ್ ವಾಪಸ್ ಎಗರತ್ತೆ, ಕೊಯ್ಯಬಾರದ ಕಡೆ ಕೊಯ್ದುಬಿಡತ್ತೆ... ಹಾಂ. ಕೊಂಬೆ ತಿರುಗಿ ಕೊಯ್ಯೋನ ಮೇಲೇ ಬರತ್ತೆ... ಹೂಂ. ಅವತ್ತೂ ಅದೇ..."

"ಹಗ್ಗನಾ? ಯಾವ ಹಗ್ಗ?... ಕೊಂಬೆಗೆ ಕಟ್ಟಿದ್ದಾ? ಸರಿಯಾಗೇ ಇತ್ತಲ್ಲ. ಕೆಳಗಡೆ ನಾನೇ ಹಿಡ್ಕೊಂಡಿದ್ದೆ. ಎರಡೂ ಕೈಲಿ. ಯಾರು ಏನು ಹೇಳಿದ್ರು ನಿನಗೆ?... ಯಾರೂ ಹೇಳಿಲ್ವಲ್ಲ? ಮತ್ತೆ? ಹಗ್ಗದ ಮಾತು ಯಾಕೀಗ?..."

ಯಾರೂ ಹೇಳಿರಲಿಲ್ಲ, ಏಕೆಂದರೆ ಯಾರೂ ನೋಡಿರಲಿಲ್ಲ. ಕುಳ್ಳ ಮೇಲಿಂದ "ಬಿಗಿ ಹಿಡಿ" ಎಂದು ಕೂಗುತ್ತಿದ್ದಾಗ ಮೇಸ್ತ್ರಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತ್ತು. ಯಾರೆಂದು ನೋಡಲು ಒಂದು ಕೈ ಬಿಟ್ಟ, ಅಷ್ಟೇ. ಹಗ್ಗ ಅಂಗೈ ಸುಟ್ಟು ಜಾರಿಹೋಯಿತು, ಕೊಂಬೆ ತಿರುಗಿ ಕುಳ್ಳನ ಮೇಲೆ ಬಂತು. ಅಂಗೈಯ ಗಾಯ ವಾಸಿಯಾಗಿತ್ತು. ಮೇಸ್ತ್ರಿ ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದ, ಸುಳ್ಳೇಕೆ ಹೇಳಬೇಕು.

"ಕೇಳು ತಂಗಿ. ನಿನ್ನ ತಮ್ಮ ಇದನ್ನೇ ಹಾಕ್ಕೊಂಡು ಹತ್ತಿದ್ರೆ ನಿಮ್ಮನೇಲಿ ಇನ್ನೊಂದು ಹೆಣ ಬೀಳತ್ತೆ. ಅಷ್ಟು ಕಟುಕ ವಸ್ತು ಅದು. ಗೋಣಿಚೀಲದಲ್ಲಿ ಸುತ್ತಿಡು, ಈಗ್ಲೇ ಬರ್ತೀನಿ. ನಾನೇ ತಗೊಂಡು ಹೋಗಿ ಎಲ್ಲಾದ್ರೂ ಹಾಳುಬಾವಿಗೆ ಎಸೀತೀನಿ... ಅಯ್ಯೋ, ಉಪಕಾರ ಏನು ಬಂತು! ಕುಳ್ಳ ನನಗೆ ಒಡಹುಟ್ಟಿದವನ ಹಾಗಲ್ವಾ?..."

"ಏನು?... ನನ್ನ ಕೈಗೂ ಬೇಡ್ವಾ? ಯಾಕೆ?... ಮಕ್ಕಳಿರೋನು ನಾನು, ಹೌದು... ಇಲ್ಲಮ್ಮಾ, ನಾನು ಯಾಕೆ ಹಾಕ್ಕೊಳ್ಳಲಿ? ನನ್ನ ಕೆಲಸದವರೂ ಮರೆತು ಹಾಕೋದಿಲ್ಲ, ನಾನಿದೀನಲ್ಲ... ಯಾರನ್ನ ಕರೀತಿದೀಯಾ?... ತಮ್ಮನ್ನಾ? ಪಕ್ಕದ ಗ್ರಿಲ್ ಅಂಗಡಿಯಿಂದ ಏನು ತರ್ತಾನೆ?... ಕಟಿಂಗ್ ಮೆಷಿನ್ನಾ? ಯಾಕೆ?..."

ಮೇಸ್ತ್ರಿ ಬೆಂಚಿನಿಂದ ಎದ್ದೇಬಿಟ್ಟ.

"ಬೇಡ! ತಂಗಿ, ಬೇಡ! ಅವಸರ ಮಾಡ್ಬೇಡ, ನಾನು ಬರ್ತಿದೀನಿ... ಬಾಗಿಲಲ್ಲೇ ಇದೀನಿ ಅಂದ್ಕೋ... ಕೊಯ್ಯೋದು ಬೇಡ ಅನ್ನು ಅವನಿಗೆ! ಆ ಬಾರು... ಅದು..."

ಅದು ಸರಿಯಾಗಿದೆ ಎನ್ನಬೇಕಿತ್ತು. ಎರಡೇ ಮಾತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬಾರು ಸರಿಯಾಗಿದ್ದರೆ ಕುಳ್ಳ ಸತ್ತದ್ದು ಹೇಗೆಂದು ಅವಳು ಮತ್ತೆ ಕೇಳುತ್ತಾಳೆ, ಮತ್ತೆ ಹಗ್ಗದ ಹತ್ತಿರವೇ ಬರುತ್ತಾಳೆ. ಫೋನಿನೊಳಗೆ ಕಟಿಂಗ್ ಚಕ್ರ ಉಕ್ಕಿಗೆ ತಗುಲಿ ಕಿರುಚತೊಡಗಿತು. ಹಲ್ಲು ಜುಮ್ಮೆನ್ನಿಸುವ ಆ ಸದ್ದನ್ನು ಅವನು ಕೊನೆಯವರೆಗೂ ನಿಂತು ಕೇಳಿದ.

"ಹಾಂ... ಕೇಳಿಸ್ತು... ಎಷ್ಟು ತುಂಡು?... ಸರಿ. ಒಳ್ಳೇದಾಯ್ತು. ಒಳ್ಳೇದೇ ಆಯ್ತು ಬಿಡು..."

ಇನ್ನು ಅವಳಿಂದ ಅವನಿಗೆ ಬೇಕಾದದ್ದು ಏನೂ ಉಳಿದಿರಲಿಲ್ಲ. ಅವಳಿಗೆ ಬೇಕಾದದ್ದು ಒಂದಿತ್ತು. ಅದನ್ನೇ ಅವಳು ಕೇಳುತ್ತಿದ್ದಳು.

"ಏನಂದೆ? ಜೋರಾಗಿ ಹೇಳು... ಯಾರು ಕೊಂದಿದ್ದು?... ನೀನಾ?... ಛೇ ಛೇ, ಹಾಗೆಲ್ಲಾ ಅನ್ಬಾರ್ದು... ಆಸೆಪಟ್ಟು ತಂದೆ. ಅದು ಹೀಗೆ ಅಂತ ನಿನಗೇನು ಗೊತ್ತು, ಹೆಂಗಸು... ಆಂ? ನಿಜ ಹೇಳ್ಬೇಕಾ?..."

ಮೇಸ್ತ್ರಿ ತನ್ನ ಮೂಗೊಡೆದ ಗರಗಸವನ್ನು ಕಾಲಿನಿಂದ ಆಚೆ ತಳ್ಳಿದ.

"ಹೂಂ, ತಂಗಿ. ನೀನು ಆ ಹಳೇ ಬಾರನ್ನೇ ಇರೋಕೆ ಬಿಟ್ಟಿದ್ರೆ ಕುಳ್ಳ ಇವತ್ತು ಮನೇಲಿರ್ತಿದ್ದ... ಹಲೋ?... ತಂಗೀ?... ಹಲೋ, ಕೇಳಿಸ್ತಾ ನಿನಗೆ?... ಹಲೋ..."