ಟವೆಲ್ಲಿನ ಕೆಳಗ ಮೇವಿನ ಮಷೀನು

ಹನ್ನೊಂದು ಸಾವಿರದ ಐನೂರು! ಅಲ್ರಿ ಇಸಾಕಸಾಬ್ರ, ಇನ್ನೊಮ್ಮೆ ಹೇಳಬ್ಯಾಡ್ರಿ, ಒಮ್ಮೆ ಕೇಳಿದ್ದಕ್ಕ ಎದಿ ಧಡ್ ಅಂತು. ಒಂದು ಗಾಲಿ, ಎರಡು ಬ್ಲೇಡು, ಒಂದು ಮೋಟರು... ಮೇವು ಕತ್ತರಿಸೋ ಮಷೀನ್ರಿ ಇದು, ಹೆಲಿಕಾಪ್ಟರ್ ಅಲ್ಲ! ನಾ ಹೇಳೋದು ಒಂಬತ್ತು. ಒಂಬತ್ತು ಸಾವಿರ, ಈಗ, ಕೈಯಾಗ. ಉದ್ರಿ ಮಾತಿಲ್ಲ.

...ಏನೂ ಅನ್ನಂಗಿಲ್ಲೇನು? ಹಂಗ ಕಣ್ಣು ಮಿಟುಕಿಸದ ಕುಂತ್ರ ರೇಟು ಏರತೈತಿ ಅಂತ ತಿಳಿದೀರೇನು? ನಾನೂ ಬ್ಯಾಡಗಿಯೊಳಗ ನಲವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದಾವ. ಸುಮ್ನ ಕುಂದ್ರೋ ಮಂದೀನ ಭಾಳ ನೋಡೇನಿ.

ಅಲ್ಲಲ್ಲ, ಮಷೀನು ನನಗಲ್ಲ! ಬರತಲೇ ಹೇಳಿದ್ನಲ್ರಿ. ನನ್ನ ಹೇಣ್ತಿ ತಮ್ಮ, ಸಿದ್ದಲಿಂಗೇಶ ಅಂತ, ಗುತ್ತಲದಾವ. ಮೂರು ಎಮ್ಮಿ, ನಾಲ್ಕು ಎಕರೆ ಹೊಲ, ಹಿತ್ತಲದಾಗ ಒಂದು ಬಣವಿ ಜೋಳದ ಕಣಿಕಿ. ಅಷ್ಟ ಅಂವನ ಸಂಸಾರ. ಕಣಿಕಿ ಇಡಿ ಇಡಿ ಹಾಕಿದ್ರ ಎಮ್ಮಿ ಏನ್ ಮಾಡತಾವ? ಒಣ ಎಲಿ, ರವದಿ ಅಷ್ಟ ತಿಂತಾವ, ದಂಟು ತುಳೀತಾವ. ಅರ್ಧ ಬಣವಿ ತಿಪ್ಪಿಗೆ ಹೋಗತೈತಿ. ಹಿಂಗಾದ್ರ ಮುಂಗಾರಿಗೆ ಇನ್ನೂ ಎರಡು ತಿಂಗಳ ಇರೋವಾಗ ಬಣವಿ ಮುಗೀತೈತಿ. ಆಮ್ಯಾಲೆ ಮೇವು ಕೊಂಡು ಹಾಕಬೇಕು. ಕೊಂಡು ಹಾಕಿ ಎಮ್ಮಿ ಕಟ್ಟಿದವರು ಯಾರರ ಉದ್ಧಾರ ಆಗ್ಯಾರೇನ್ರಿ?

ಮತ್ತ ಈ ಹುಡುಗ ಮೋಸ ಹೋಗ್ಯಾನ್ರಿ. ಹಾಂ, ಮೊದಲೊಂದು ಮಷೀನು ತಂದಾನ. ಕೈಲೆ ತಿರಗಸೋದು. ಯಾರೋ ಟೆಂಪೋದಾಗ ಹೇರಿಕೊಂಡು ಪ್ಯಾಟಿ ಬಾಗಲಿಗೆ ಬಂದಿದ್ರಂತ. ಹಸರ ಬಣ್ಣ! ಹೊಳಪು ಅಂದ್ರ ಏನು ಹೊಳಪು, ಅದರಾಗ ಮಾರಿ ನೋಡಿಕೊಂಡು ಬೈತಲಿ ತಗೀಬಹುದು. ಮೂರೂವರೆ ಸಾವಿರ ಅಂದಿದ್ದನ್ನ ಎರಡು ಸಾವಿರದ ಆರನೂರಕ್ಕ ಇಳಿಸಿ, ಒಂಬೈನೂರು ಉಳಿಸಿದೆ ಅಂತ ಮೀಸಿ ತಿರುವಿಕೊಂಡು ಮನಿಗೆ ತಂದ.

ಎಂಟು ದಿನ. ಎಂಟೇ ದಿನ ಸಾಬ್ರ! ಗೇರಿನ ಹಲ್ಲು ಎರಡು ಹೋದೂ. ಬ್ಲೇಡು ಬ್ಲೇಡಲ್ಲ, ಡಬ್ಬಿ ತಗಡು. ಕಣಿಕಿ ಕತ್ತರಿಸಂಗಿಲ್ಲ, ಅಗೀತೈತಿ. ನಾಲ್ಕು ಸುತ್ತು ತಿರಗತೈತಿ, ಐದನೇ ಸುತ್ತಿಗೆ ಕಟಕ್ ಅಂತ ನಿಲ್ಲತೈತಿ. ಆ ಕಟಕ್ ಐತಲ್ಲ, ಅದು ಇಲ್ಲಿ, ಈ ಬಲಗಡೆ ರಟ್ಟಿಯೊಳಗ ಬಂದು ಹಿಡೀತೈತಿ. ಮತ್ತ ಹಿಂದಕ್ಕ ಜಗ್ಗು, ಮತ್ತ ತಿರಗಸು, ಮತ್ತ ಕಟಕ್...

ಯಾಕ ನಗತೀರಿ?

ನನಗ ಹೆಂಗ ಗೊತ್ತು ಅಂದ್ರ... ಅಂವ ಹೇಳಿದ. ಫೋನಿನ್ಯಾಗ. ಬಾಯಿಲೆ ಕಟಕ್ ಅಂತ ಮಾಡಿ ಕೇಳಿಸಿದ. ಹೂಂ, ರಟ್ಟಿ ಸುದ್ದೀನೂ ಫೋನಿನ್ಯಾಗ ಹೇಳಿದ. ಭಾಳ ಮಾತುಗಾರ ಅಂವ.

ಆತು ಏಳ್ರಿ, ನಿಮ್ಮ ಮಾಲು ನೋಡೂಣು. ಬಣ್ಣ ನೋಡಂಗಿಲ್ಲ ನಾನು. ಬಣ್ಣಕ್ಕ ದುಡ್ಡು ಕೊಡೋ ಕಾಲ ಮುಗೀತು. ಗಾಲಿ ಒಂದು ಬೆರಳಿಲೆ ತಳ್ಳತೇನಿ, ನೋಡ್ರಿ... ಒಂದು, ಎರಡು, ಮೂರು, ನಾಲ್ಕು, ಐದು... ಆರು... ಹೂಂ. ಅಡ್ಡ ಆಡಂಗಿಲ್ಲ. ಇದು ಬೇಸಿ. ಬ್ಲೇಡಿಗೆ ಕೀಲಿಕೈಲೆ ಬಡೀತೇನಿ. ಟಿಣ್! ಕೇಳಿದ್ರಿ? ಅದು... ಅಂವಂದು ಥಪ್ ಅಂತಿತ್ತು. ಗೇರು ಪೆಟ್ಟಿಗಿಯೊಳಗ, ಗ್ರೀಸಿನ್ಯಾಗ. ಹಲ್ಲಿಗೆ ಮಣ್ಣು ಹೋಗಂಗಿಲ್ಲ. ಈ ಹಿಡಿಕಿ ಯಾತಕ್ಕ? ಜಗ್ಗಿದ್ರ ಕಣಿಕಿ ಹಿಂದಕ್ಕ ಬರತೈತೇನು? ಹಂಗಾದ್ರ ಸಿಕ್ಕೊಂಡಾಗ ಬಾಯಾಗ ಕೈ ಹಾಕೋದು ತಪ್ಪತು. ಇದೊಂದು ನೀವು ಬಾಯಿಬಿಟ್ಟು ಹೇಳಬೇಕಿತ್ತ್ರಿ ಸಾಬ್ರ! ಮಂದೀ ಬೆರಳು ಉಳಿಸೋ ಮಾತು ಅದು.

ಮೋಟರು ಸಿಂಗಲ್ ಫೇಸಿಗೆ ನಡೀತೈತಿ ಹೌದಲ್ಲ? ಬೇಕ ಬೇಕು. ತ್ರೀ ಫೇಸ್ ಕರೆಂಟು ಹೊಲದ ಪಂಪಿಗೆ ಬರತೈತಿ, ಅದೂ ಅವರಿಗೆ ನೆನಪಾದಾಗ. ನಮ್ಮ ಹಿತ್ತಲಕ್ಕ ಎಲ್ಲಿಂದ... ಅಂವನ ಹಿತ್ತಲಕ್ಕ ಎಲ್ಲಿಂದ ಬರಬೇಕು?

ತಡೀರಿ, ತಳಕ್ಕ ಕೈ ಹಾಕಿ ನೋಡತೇನಿ. ನಗರಿ, ನಗರಿ! ಬ್ಯಾಡಗಿ ಪ್ಯಾಟ್ಯಾಗ ನನ್ನ ಹೆಸರು ನಿಂತಿದ್ದು ಈ ಕೈ ಮ್ಯಾಲ. ಚೀಲದ ಮ್ಯಾಲಿನ ಕಾಯಿ ನಾ ಕಣ್ಣೆತ್ತಿ ನೋಡಂಗಿಲ್ಲ. ತಳದಾಗ ಮೊಳಕೈ ಮಟ ಕೈ ಹಾಕತೇನಿ, ತೂಕ ಬರಲಿ ಅಂತ ನೀರು ಹೊಡದಿದ್ರ ಬೆರಳಿಗೆ ಗೊತ್ತಾಗತೈತಿ. ತಿರಕಪ್ಪ ಕೈ ಹಾಕಿದ ಚೀಲ ಅಂದ್ರ ಮತ್ತ ಯಾರೂ ಬಿಚ್ಚಿ ನೋಡಂಗಿಲ್ಲ. ಅಷ್ಟು ನಂಬತಾರ. ಹಾಂ, ತಳಾನೂ ಗಟ್ಟಿ ಐತಿ. ಬೆಸುಗಿ ಎಲ್ಲೂ ಬಿಟ್ಟಿಲ್ಲ.

ನಾಳೆ ಬ್ಲೇಡು ಹೋದ್ರ ನಿಮ್ಮಲ್ಲೇ ಸಿಗತೈತೋ, ಊರೂರು ತಿರಗಬೇಕೋ? ...ಆ ಕಪಾಟಿನ್ಯಾಗ? ಅಷ್ಟೂ ಇದರ ಸಾಮಾನ ಏನು? ಬೇಸಿ ಬೇಸಿ. ಆ ಟೆಂಪೋದವರ ಫೋನ್ ನಂಬರಿಗೆ ಹಚ್ಚಿದ್ರ ಯಾರೋ ಅಜ್ಜಿ ಎತ್ತಿ ರಾಂಗ್ ನಂಬರ್ ಅಂತ ಬೈತಾಳ. ಮೂರು ಸಲ ಬೈದಾಳ... ಅಂವನಿಗೆ.

ತಡೀರಿ, ಮಿಸ್ ಕಾಲ್. ನನ್ನ ಹೇಣ್ತಿ ಮಂಗಳವ್ವಂದು. ಮುಂಜಾನಿಂದ ಇದು ಐದನೇದು. ತಮ್ಮನ ಎಮ್ಮಿ ಚಿಂತಿ ಆಕಿಗೆ. ಒಡಹುಟ್ಟಿದಾಕಿ, ಇರತೈತಿ.

ಈಗ ರೇಟಿನ ಮಾತು. ಆ ಪಂಪಿನ ಪೈಪು ನೋಡಾಕತ್ತ ಮೂವರು ಇತ್ತಾಗ ಕಿವಿ ಕೊಟ್ಟಾರ. ನನಗ ಇಳಿಸಿದ್ದು ಅವರಿಗೆ ಕೇಳಿಸಿದ್ರ ನಿಮಗ ಲುಕ್ಸಾನು. ಅದಕ್ಕ, ದನದ ಸಂತ್ಯಾಗ ಮಾಡತಾರಲ್ಲ, ಹಂಗ ಮಾಡೂಣು. ಬರ್ರಿ, ನನ್ನ ಟವೆಲ್ಲಿನ ಕೆಳಗ ಕೈ ಕೊಡ್ರಿ. ಒಂದು ಬೆರಳಿಗೆ ಸಾವಿರ, ಪೂರಾ ಕೈ ಹಿಡಿದ್ರ ಐದು. ಗೊತ್ತೈತಲ್ಲ? ನಾ ಹಿಡೀತೇನಿ ನೋಡ್ರಿ: ಐದು... ಮ್ಯಾಲ ನಾಲ್ಕು. ಒಂಬತ್ತು. ನನ್ನದು ಮುಗೀತು. ಈಗ ನೀವು ಹಿಡೀರಿ. ಹಾಂ, ಪೂರಾ ಕೈ, ಐದು... ಸ್ಸ್... ಮೆಲ್ಲಕ ಸಾಬ್ರ! ಮ್ಯಾಲ ಎಷ್ಟು?

ಎಷ್ಟ್ರಿ?

ಯಾಕ ಬೆರಳ ಅಲ್ಲೇ ನಿಂತೂ? ...ಅಲ್ಲೇನು ಸವರಿ ನೋಡತೀರಿ, ರೇಟು ಹೇಳ್ರಿ... ಏ, ಟವೆಲ್ ಯಾಕ ಸರಿಸಿದ್ರಿ! ಹಾಕ್ರಿ, ಹಾಕ್ರಿ, ಅವರು ನೋಡತಾರ!

...ಅದು ಏನಿಲ್ಲ. ಗುಳ್ಳಿ. ಕೈ ಅಂದ ಮ್ಯಾಲ ಗುಳ್ಳಿ ಬರತಾವ. ಮೆಣಸಿನಕಾಯಿ ಖಾರಕ್ಕ...

...ಹಂಗ ನೋಡಬ್ಯಾಡ್ರಿ.

ಖರೇ, ಖಾರಕ್ಕ ಗುಳ್ಳಿ ಬರಂಗಿದ್ರ ನಲವತ್ತು ವರ್ಷದ ಹಿಂದ ಬರಬೇಕಿತ್ತು.

ಏನರ ಅನ್ರಿ ಸಾಬ್ರ. ಬೈರಿ ಬೇಕಾದ್ರ. ಹಿಂಗ ಕೈ ಹಿಡಕೊಂಡು ಸುಮ್ನ ಕುಂದ್ರಬ್ಯಾಡ್ರಿ...

ಆತು. ಇತ್ತ ಬಗ್ಗರಿ, ಮೆಲ್ಲಕ ಹೇಳತೇನಿ. ಗುತ್ತಲದ ಆ ಹುಡುಗನ ಹತ್ರ ಒಂದು ಆಡೂ ಇಲ್ಲ, ಎಮ್ಮಿ ಎಲ್ಲಿಂದ ಬರಬೇಕು? ಅಂವ ಕಿರಾಣಿ ಅಂಗಡಿ ಇಟ್ಟಾನ. ಎಮ್ಮಿ ನಂವು. ಬಣವಿ ನಂದು. ಟೆಂಪೋ ನಿಂತದ್ದೂ ನಮ್ಮ ಬ್ಯಾಡಗಿ ಪ್ಯಾಟಿ ಬಾಗಲದಾಗ, ಮೀಸಿ ತಿರುವಿಕೊಂಡಾವನೂ ನಾನ. ನಲವತ್ತು ವರ್ಷ ಮಂದೀ ಚೀಲದ ತಳಕ್ಕ ಕೈ ಹಾಕಿದಾವ, ಆ ಹಸರ ಮಷೀನಿನ ತಳಕ್ಕ ಕೈ ಹಾಕಲಿಲ್ಲ ನೋಡ್ರಿ! ಒಂಬೈನೂರು ಇಳಿಸಿದ ಹಿಗ್ಗಿನ್ಯಾಗ ಕೈ ಕಿಸೆಕ್ಕ ಹೋತು, ತಳಕ್ಕ ಹೋಗಲಿಲ್ಲ. ಆಳು ಎರಡು ದಿನ ತಿರಗಿಸಿ, ನಮಸ್ಕಾರ ಹೇಳಿ ಹೋದ. ಮಂಗಳವ್ವಗ ಅಂದ್ರ, 'ತಂದಾವರ ತಿರಗಸ್ರಿ' ಅಂತ ಒಳಗ ನಡೆದಳು. ಹದಿನಾರು ದಿನ ಆತು, ದಿನಾ ಮುಂಜಾನೆ ಬಾಗಲ ಹಾಕಿಕೊಂಡು ನಾನ ತಿರಗಸಾಕತ್ತೇನಿ. ಹೊರಗಿನವರು ಕೇಳಿದ್ರ ಯೋಗಾಸನ ಅಂತ ಹೇಳೇನಿ.

ನಗರಿ, ಈಗ ಮನಸಾರೆ ನಗರಿ. ಆದ್ರ ಒಂದು ಮಾತು, ಈ ಸುದ್ದಿ ಬ್ಯಾಡಗಿಗೆ ಹೋಗಬಾರದು, ಅದಕ್ಕ ನಿಮ್ಮೂರ ಮಟ ಬಂದೇನಿ. ಹೋದ್ರ ನಾಳಿಂದ ನಾ ಕೈ ಹಾಕಿದ ಚೀಲಾನ ಇನ್ನೊಬ್ಬ ಬಿಚ್ಚಿ ನೋಡತಾನ.

...ಟವೆಲ್ ಮತ್ತ ಮ್ಯಾಲ ಹಾಕಿದ್ರಿ. ಅವರಿಗೆ ಕಾಣದಂಗ ಆ ಕಡೆ ತಿರುಗಿಸಿದ್ರಿ. ದೊಡ್ಡಾವರ ಬಿಡ್ರಿ ನೀವು. ಈಗ ರೇಟು? ಪೂರಾ ಕೈ... ಗುಳ್ಳಿ ಬಿಟ್ಟು ಹಿಡದ್ರಿ, ಭೇಷ್. ಇನ್ನೊಮ್ಮೆ ಪೂರಾ ಕೈ. ಐದು, ಐದು, ಹತ್ತು. ಮ್ಯಾಲ? ...ಮ್ಯಾಲ ಏನೂ ಇಲ್ಲ. ಐನೂರೂ ಇಲ್ಲ? ಆತು, ಒಪ್ಪಿಗಿ! ಇನ್ನೊಂದು ಜೋಡಿ ಬ್ಲೇಡು ಅದರಾಗ ಇಡ್ರಿ. ಇಟ್ರಿ? ಆ ಹಸರ ಕಬ್ಬಿಣಾನೂ ನೀವ ಒಯ್ಯರಿ, ಮುಸುಕು ಹಾಕಿ ಕಳಸತೇನಿ, ರೊಕ್ಕ ಬ್ಯಾಡ.

ಮತ್ತ ಮಿಸ್ ಕಾಲ್. ಬಡಕೊಳ್ಳಲಿ, ಸಂಜಿಕ ಮಷೀನಿನ ಸಪ್ಪಳಾನ ಆಕಿಗೆ ಉತ್ತರ.

ಎಣಿಸ್ರಿ, ಹತ್ತು ಸಾವಿರ ಐತಿ. ನಾನೂ ಎಣಿಸತೇನಿ: ಮೋಟರ್ ಸುದ್ದಾ ಮಷೀನು ಒಂದು, ಬ್ಲೇಡು ಎರಡು ಜೋಡಿ, ಮುಂಗಾರಿನ ಮಟ ಬಾಳೋ ಬಣವಿ ಒಂದು, ಬಾಯಿ ಬಿಡದ ವ್ಯಾಪಾರಿ ಒಬ್ಬ. ಗುಳ್ಳಿ ಐದು... ಅವು ಲೆಕ್ಕಕ್ಕ ಬ್ಯಾಡ, ನಾಳಿಂದ ಆರತಾವ.